ಎದೆಮಟ್ಟದ ಬೇಲಿ

ಹನ್ನೆರಡು ಕ್ರೋಟನ್ ಗಿಡ, ಎರಡು ಮೂಟೆ ಗೊಬ್ಬರ, ಗುಂಡಿ ತೋಡಿದವನ ಕೂಲಿ. ಎಲ್ಲಾ ಸೇರಿ ಸೊಸೆಯ ಅರ್ಧ ತಿಂಗಳ ಸಂಬಳ ಮಣ್ಣುಪಾಲಾಗಿತ್ತು. ಗಿಡಗಳೇನೋ ಕೆಂಪು, ಹಳದಿ, ಕಿತ್ತಳೆ ಬಳಿದುಕೊಂಡು ಮೆರೆಯುತ್ತಿದ್ದವು. ಆದರೆ ಎರಡು ವರ್ಷವಾದರೂ ಎದೆಮಟ್ಟ ದಾಟಿರಲಿಲ್ಲ. ಇವತ್ತೂ ಚಿಗುರು ಮಾಯ.

“ಮಾವ, ಮತ್ತೆ ಕತ್ತರಿಸಿದಾಳೆ ನೋಡಿ!”

ಕತ್ತರಿಸಿದವಳು ಇನ್ಯಾರು, ಪಕ್ಕದ ಮನೆಯ ಟೈಲರಮ್ಮ. ಒಂಟಿ ಜೀವ, ಅವಳ ಬುದ್ಧಿಮಾತು ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ಹಿತ್ತಲಿಗೆ ಕಾಲಿಟ್ಟರೆ ಸಾಕು, ಆ ಕಡೆ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. “ಬಣ್ಣದ ಬಟ್ಟೆ ಒಳಮಗ್ಗುಲು ತಿರುಗಿಸಿ ಒಣಹಾಕಮ್ಮ.” “ತೋಳು ಇಷ್ಟು ಬಿಗಿ ಹೊಲಿದೋರ್ಯಾರು?” ಅತ್ತೆಯಿಲ್ಲದ ಮನೆ ಎಂದೇ ಕುಣಿದು ಮದುವೆಗೆ ಒಪ್ಪಿದವಳಿಗೆ ಇದೆಲ್ಲ ಬೇಕಿತ್ತೇ? ಅದಕ್ಕೇ ಈ ಬೇಲಿ.

ಮಾವ ಬಗ್ಗಿ ಕೊಂಬೆಯ ತುದಿ ನೋಡಿದರು. ನಲವತ್ತು ವರ್ಷ ಊರವರ ತಲೆಗೂದಲು ಕತ್ತರಿಸಿದವರು. “ಪಳಗಿದ ಕೈ,” ಎಂದರು ಮೆಚ್ಚಿ. “ಬಿಡಮ್ಮ, ತುದಿ ಚಿವುಟಿದಷ್ಟೂ ದಟ್ಟವಾಗುತ್ತೆ.”

“ದಟ್ಟ ಯಾರಿಗೆ ಬೇಕು, ಎತ್ತರ ಬೇಕು! ಈ ತಿಂಗಳು ತಲೆ ಮುಚ್ಚುವಷ್ಟು ಬೆಳೀದಿದ್ರೆ ಗೋಡೆನೇ ಕಟ್ಟಿಸ್ತೀನಿ. ನಾನು ಕೆಲಸಕ್ಕೆ ಹೋದಾಗ ನೀವೇ ಕಾವಲು.”

ಗೋಡೆ ಎಂದದ್ದೇ ಮಾವನ ಮುಖ ಬಾಡಿತು. ಪಾಪ, ಖರ್ಚಿನ ಚಿಂತೆ ಎಂದುಕೊಂಡಳು.

ಕಾವಲು ಜೋರಾಗಿಯೇ ನಡೆಯಿತು. ಮಾವ ಬೆಳಗಾದರೆ ನುಣ್ಣಗೆ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಬೇಲಿಯ ಪಕ್ಕ ಕುರ್ಚಿ ಹಾಕುತ್ತಿದ್ದರು. ಆದರೂ ಚಿಗುರು ಉಳಿಯಲಿಲ್ಲ. ಅವರ ಅಂಗಿಯ ತೋಳಿನಲ್ಲಿ ಗಿಡದ ಹಾಲಿನ ಕಂದು ಕಲೆ ಬೇರೆ.

“ಹುಳ ಹುಡುಕ್ತಿದ್ದೆ,” ಎಂದರು.

ಅಂಥದೇ ಕಲೆ ಟೈಲರಮ್ಮನ ತೋಳಿನಲ್ಲೂ ಕಂಡಾಗ ಸೊಸೆ ಹಿಗ್ಗಿದಳು. ಸಾಕ್ಷಿ ಸಿಕ್ಕಿತು!

ಮರುದಿನ ಅರ್ಧ ದಿನ ರಜೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಿಟ್ಟು ಹಿತ್ತಲಿಗೆ ಬಂದಳು. ಬೇಲಿಯ ಆ ಕಡೆಯಿಂದ ಕಚಕ್. ಸಿಕ್ಕಿಬಿದ್ದಳು ಕಳ್ಳಿ! ಕೂಗಲು ಬಾಯಿ ತೆರೆಯುವಷ್ಟರಲ್ಲಿ ಈ ಕಡೆಯಿಂದಲೂ ಕಚಕ್.

ಮಾವ! ಕೈಯಲ್ಲಿ ಕ್ಷೌರದ ಕತ್ತರಿ.

“ಬೇಗ ಬೇಗ ಕತ್ತರಿಸ್ರೀ,” ಎನ್ನುತ್ತಿದ್ದಳು ಟೈಲರಮ್ಮ. “ಇನ್ನೊಂದು ಗೇಣು ಏರಿದ್ರೆ ನಿಮ್ಮ ಮುಖ ಕಾಣಲ್ಲ.”

“ನೀನು ನೋಡದಿದ್ರೆ ಈ ಗಡ್ಡ ಯಾರಿಗೋಸ್ಕರ ಬೋಳಿಸ್ಲಿ?”

ಸೊಸೆಯ ಕೈಯಿಂದ ಚಪ್ಪಲಿ ಜಾರಿತು. ಇಬ್ಬರೂ ಶಾಲೆ ಮಕ್ಕಳಂತೆ ಕತ್ತರಿಗಳನ್ನು ಬೆನ್ನ ಹಿಂದೆ ಅಡಗಿಸಿದರು. ಸಿಟ್ಟು ಬರಬೇಕಾದ ಜಾಗದಲ್ಲಿ ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು.

ಮುಂದಿನ ತಿಂಗಳು ಬೇಲಿಯ ನಡುವೆ ಓಡಾಡಲು ದಾರಿ ಬಿಡಿಸಿದರು. ಸೊಸೆ ಕಳೆದುಕೊಂಡದ್ದು ಎರಡು ಕ್ರೋಟನ್ ಗಿಡ. ಸಿಕ್ಕಿದ್ದು ಒಬ್ಬ ಅತ್ತೆ.