ಬಡಗಿ ಆಡಿದ ಟೆನಿಸ್

ಚೆಂಡು ಗೆರೆಯ ಮೇಲೇ ಬಿತ್ತು. ಸುಣ್ಣದ ಪುಡಿ ಹಾರಿದ್ದನ್ನು ಬಡಗಿ ಕಣ್ಣಾರೆ ಕಂಡ.

"ಔಟ್!" ಎಂದ ಬಲೆಯಾಚೆಯಿಂದ ಔಷಧಿ ಅಂಗಡಿಯವನು. "ಏನ್ ಮೇಸ್ತ್ರಿಗಳೇ, ಕನ್ನಡಕ ಬದಲಾಯಿಸೋ ಕಾಲ ಬಂತಾ?"

ಬಡಗಿಯ ರಕ್ತ ಕುದಿಯಿತು. ಆದರೂ ಮುಂದಿನ ಚೆಂಡಿಗೆ ಸಜ್ಜಾಗಿ ನಿಂತ. ಅಂಗಳದ ಬದಿಯ ಬೆಂಚಿನಲ್ಲಿ ಹೆಂಡತಿ ಕೂತಿದ್ದಳು. ಅವನು ಸಿಟ್ಟಿನಲ್ಲಿ ಊಟದ ಮೇಜನ್ನೇ ಒದ್ದು ಮುರಿದ ದಿನ ತವರಿಗೆ ಹೋದವಳು, ಮೂರು ತಿಂಗಳಾದರೂ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಇವತ್ತು ಆಟಕ್ಕೆ ಕರೆದದ್ದು ಔಷಧಿಯವನು. ನೋಡಲು ಅವಳೂ ಬಂದಿದ್ದಳು. ಯಾರಿಗಾಗಿ ಬಂದಳು?

ಹೋದ ವಾರ ಔಷಧಿ ಅಂಗಡಿಯ ಕಟ್ಟೆಯಲ್ಲಿ ಇಬ್ಬರನ್ನೂ ಕಂಡಿದ್ದ. ಅವಳು ಒಂದೊಂದೇ ಬೆರಳು ಮಡಚಿ ಏನೇನೋ ಹೇಳುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ತನ್ನ ಜೊತೆ ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ! ಇವನಿಗೆ ಇವತ್ತು ಮಣ್ಣು ಮುಕ್ಕಿಸಿದರೆ ಅವಳು ತನ್ನ ಕಡೆ ತಿರುಗಿಯಾಳು. ಇಲ್ಲವಾದರೆ ಮುಗಿಯಿತು.

ಔಷಧಿಯವನು ಚೆಂಡನ್ನು ಹನ್ನೆರಡು ಸಲ ಪುಟಿಸಿದ. ಕೈ ಎತ್ತಿದ. ಇಳಿಸಿದ. ಕೂತು ಬೂಟಿನ ದಾರ ಕಟ್ಟಿದ. ಎದ್ದವನೇ ನಾಲಗೆಯಿಂದ ಲೊಚಲೊಚ ಸದ್ದು ಮಾಡಿದ.

ಆ ಸದ್ದು ಕೇಳಿದರೆ ಬಡಗಿಗೆ ಮೈಯೆಲ್ಲ ಉರಿ. ಮನೆಯವಳಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲದ ಗುಟ್ಟು. ಇದನ್ನೂ ಇವನಿಗೆ ಹೇಳಿಕೊಂಡು ನಕ್ಕಿದ್ದಾಳೆ!

ರಾಕೆಟ್ ಹಿಡಿದ ಮುಷ್ಟಿ ಬಿಗಿಯಿತು. ಆದರೆ ಹಲಗೆಯಲ್ಲಿ ಗಂಟು ಸಿಕ್ಕಾಗ ಉಜ್ಜುಗೊರಡನ್ನು ಒತ್ತಬಾರದು, ಒತ್ತಿದರೆ ಸಿಬಿರೇಳುತ್ತದೆ. ಇಪ್ಪತ್ತು ವರ್ಷ ಕೈಗೆ ಗೊತ್ತಿದ್ದ ಕಸುಬು ಈಗ ತಲೆಗೂ ಹತ್ತಿತು. ಕೈ ಹಗುರ ಮಾಡಿದ. ಉಸಿರು ಬಿಟ್ಟ.

"ಆಗಲಿ, ನಿಧಾನವಾಗೇ ಹೊಡೀರಿ," ಎಂದ.

ಬೆಂಚಿನಲ್ಲಿ ಹೆಂಡತಿ ಮುಂದಕ್ಕೆ ಬಾಗಿದಳು. ಔಷಧಿಯವನು ಅವಳತ್ತ ನೋಡಿದ. ಅವಳು ಸಣ್ಣಗೆ ತಲೆಯಾಡಿಸಿದಳು. ಅದೂ ಬಡಗಿಯ ಕಣ್ಣಿಗೆ ಬಿತ್ತು. ಹೊಟ್ಟೆಯೊಳಗಿನ ಕಿಚ್ಚನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಆಡಿದ.

ಕೊನೆಯ ಚೆಂಡು ಬಲೆಗೆ ಬಡಿದು ಬಿತ್ತು. ಸೋತ. ಆಟವೂ ಹೋಯಿತು, ಅವಳೂ ಹೋದಳು ಅಂದುಕೊಂಡ. ಆದರೂ ಬಲೆಯವರೆಗೆ ನಡೆದು ಕೈ ಚಾಚಿದ.

"ಚೆನ್ನಾಗಿ ಆಡಿದ್ರಿ."

ಹೆಂಡತಿ ಎದ್ದಳು. ನೆಟ್ಟಗೆ ಔಷಧಿಯವನ ಹತ್ತಿರಕ್ಕೇ ಬಂದಳು. ಬಡಗಿ ಮುಖ ತಿರುಗಿಸಿಕೊಂಡ.

"ಅಕ್ಕಾ, ನೀವು ಹೇಳಿಕೊಟ್ಟ ತರಲೆಯೆಲ್ಲ ಮಾಡಿಬಿಟ್ಟೆ, ಈ ಮನುಷ್ಯ ಒಂದಕ್ಕೂ ರೇಗಲಿಲ್ಲ," ಎಂದ ಔಷಧಿಯವನು ಬೆವರೊರೆಸಿಕೊಳ್ಳುತ್ತ, "ಇನ್ನು ಧೈರ್ಯವಾಗಿ ಮನೆಗೆ ಹೋಗಿ."