ಹೆಲ್ಮೆಟ್ಟಿಗೆ ಹಾಕಿದ ಹಾರ

ಓದೋಕೆ ಸಂಕಟ ಆಗುತ್ತೆ... ಆದ್ರೂ ಪೂರ್ತಿ ಓದಿ. ಮನೆಯಲ್ಲಿ ಬೈಕ್ ಓಡಿಸೋರಿದ್ರೆ ಕೂರಿಸಿಕೊಂಡು ಓದಿ ಹೇಳಿ.

ತುಮಕೂರಿನ ಒಂದು ಗಣಪತಿ ಗುಡಿ. ಹೊಸ ಗಾಡಿ ತಗೊಂಡವರು ಪೂಜೆಗೆ ಅಲ್ಲಿಗೇ ಬರ್ತಾರೆ. ಗುಡಿ ಮುಂದೆ ಪುಟ್ಟತಾಯಮ್ಮನ ಹೂವಿನಂಗಡಿ.

ಹ್ಯಾಂಡಲ್ಲಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು... ಜೊತೆಗೆ "ಹುಷಾರಾಗಿ ಓಡ್ಸಪ್ಪ ನನ್ ರಾಜ" ಅನ್ನೋ ಬುದ್ಧಿಮಾತು ಫ್ರೀ!

ಗಂಡ ತೀರಿಕೊಂಡ ಮೇಲೆ ಆ ಹೂವಿನಿಂದಲೇ ಇಬ್ಬರು ಗಂಡುಮಕ್ಕಳನ್ನ ಸಾಕಿದ ತಾಯಿ. ದೊಡ್ಡವನು ನಂದೀಶ. ಚಿಕ್ಕವನು ಯೋಗೇಶ, ಮನೆಯವರ ಪಾಲಿಗೆ ಯೋಗಿ.

ಒಂದು ದಿನ ಹೈವೇಯಲ್ಲಿ ನಂದೀಶನ ಬೈಕ್ ಸ್ಕಿಡ್ ಆಯ್ತು. ತಲೆ ಹೋಗಿ ಡಿವೈಡರ್‌ಗೆ ಬಡೀತು...

ಮೊಣಕೈ ತರಚಿದ್ದು ಬಿಟ್ಟರೆ ಅವನಿಗೆ ಏನೂ ಆಗಿರಲಿಲ್ಲ!

"ಹೆಲ್ಮೆಟ್ ಉಳಿಸಿದೆ ಕಣಮ್ಮ ನಿಮ್ಮ ಮಗನ್ನ" ಅಂದ್ರು ಡಾಕ್ಟರ್.

ತಾಯಿಗೆ ಅಷ್ಟು ಸಾಕಾಯ್ತು. ಆ ಹೆಲ್ಮೆಟ್ಟನ್ನ ಸೋಪು ಹಾಕಿ ತೊಳೆದು, ಅರಿಶಿನ ಕುಂಕುಮ ಇಟ್ಟರು. ಆಯುಧ ಪೂಜೆ ದಿನ ಎಲ್ಲಕ್ಕಿಂತ ದಪ್ಪ ಹಾರ ಅದಕ್ಕೇ.

ನಂದೀಶ ಹೆದರಿ ಬೈಕ್ ಮುಟ್ಟೋದನ್ನೇ ಬಿಟ್ಟ, ಆಟೋ ಓಡಿಸೋಕೆ ಶುರು ಮಾಡಿದ. ಬೈಕು ಯೋಗಿ ಪಾಲಿಗೆ ಬಂತು. ಅವನಿಗೆ ಆಗ ತಾನೇ ಕೊರಿಯರ್ ಕೆಲಸ ಸಿಕ್ಕಿತ್ತು.

"ಅಮ್ಮಾ, ಅಣ್ಣನ ಹೆಲ್ಮೆಟ್ ನನಗೆ ಲೂಸು. ಒಳಗೆ ತಲೆ ಗಿರಗಿರ ತಿರುಗುತ್ತೆ. ಹೊಸದು ತಗೋತೀನಿ."

"ಬಾಯ್ಮುಚ್ಚೋ! ನಿಮ್ಮಣ್ಣನ ಜೀವ ಉಳಿಸಿದ್ದು ಅದು. ದೇವರು ಇದ್ದ ಹಾಗೆ. ಲೂಸಾದ್ರೆ ನಾನು ಸರಿ ಮಾಡಿಕೊಡ್ತೀನಿ, ಬಿಡು."

ಸರಿ ಮಾಡಿಯೂ ಕೊಟ್ಟರು. ಹೇಗೆ ಅಂತ ಯಾರೂ ಕೇಳಲಿಲ್ಲ.

ದಿನಾ ಬೆಳಿಗ್ಗೆ ತಾವೇ ಅದನ್ನ ಮಗನ ತಲೆಗೆ ಹಾಕಿ, ಗದ್ದದ ಕೆಳಗೆ ಬೆಲ್ಟನ್ನ ಟಕ್ ಅನ್ನಿಸಿ ಕಳಿಸೋರು. "ನಾನೇನು ಎಲ್‌ಕೆಜಿ ಮಗೂನಾ?" ಅಂತ ಅವನು ನಗೋನು...

ಒಂದು ಬೆಳಿಗ್ಗೆ ಹೋದ ಯೋಗಿ ವಾಪಸ್ ಬರಲಿಲ್ಲ.

ದೊಡ್ಡ ಆಕ್ಸಿಡೆಂಟೂ ಅಲ್ಲ. ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದ, ಬಿದ್ದ. ಗಾಡಿಗೆ ಮಿರರ್ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಪೆಟ್ಟೆಲ್ಲ ತಲೆಗೇ...

ಪುಟ್ಟತಾಯಮ್ಮ ಅಂಗಡಿ ಬಾಗಿಲು ಹಾಕಿದರು. ಅನ್ನ ನೀರು ಬಿಟ್ಟು ಆ ಹೆಲ್ಮೆಟ್ ಮುಂದೆ ಕೂತರು.

"ದೊಡ್ಡವನ್ನ ಕಾಪಾಡಿದ್ಯಲ್ಲ... ಚಿಕ್ಕವನು ನಿನಗೇನು ಅನ್ಯಾಯ ಮಾಡಿದ್ದ? ನನ್ನ ಪೂಜೇಲಿ ಏನು ಕಮ್ಮಿ ಆಗಿತ್ತು ಹೇಳು!"

ನಂದೀಶ ಅನ್ನದ ತಟ್ಟೆ ತಂದು ಮುಂದಿಟ್ಟು ಬೇಡಿಕೊಳ್ಳೋನು. ಕೊನೆಗೆ ಅಮ್ಮನೇ ಅಂದ್ರು, "ಇದನ್ನ ಹೆಲ್ಮೆಟ್ ಅಂಗಡಿಗೆ ತಗೊಂಡ್ಹೋಗಿ, ಯಾಕೆ ಕಾಪಾಡಲಿಲ್ಲ ಅಂತ ಕೇಳ್ಕೊಂಡು ಬಾ. ನನಗೆ ಗೊತ್ತಾಗಲೇಬೇಕು."

ಅಂಗಡಿಯವರು ಒಳಗಿನ ಬಟ್ಟೆ ಬಿಚ್ಚಿದರು. ಅದರ ಕೆಳಗೆ ಹತ್ತಿ... ಹಸಿರು ಸೀರೆ ತುಂಡಿನಲ್ಲಿ ಸುತ್ತಿ, ಚೆಂದವಾಗಿ ಹೊಲಿದಿತ್ತು.

ಆ ಸೀರೆ ನಂದೀಶನಿಗೆ ಗೊತ್ತು. ಅಮ್ಮಂದು.

ಹತ್ತಿ ತೆಗೆದರೆ ಥರ್ಮಾಕೋಲಿನಲ್ಲಿ ಹೆಬ್ಬೆರಳು ಇಳಿಯುವಷ್ಟು ಗುಂಡಿ!

"ಇದು ಮೊದಲೇ ಒಂದ್ಸಲ ಬಿದ್ದಿತ್ತಾ ಸರ್?"

"ಹೂಂ... ನಾನು ಬಿದ್ದಿದ್ದೆ."

"ಅವತ್ತೇ ಇದರ ಕೆಲಸ ಮುಗೀತು. ನಿಮ್ಮ ತಲೆಗೆ ಬೀಳೋ ಪೆಟ್ಟನ್ನ ಈ ಥರ್ಮಾಕೋಲ್ ತಿಂದುಬಿಡ್ತು. ಒಂದ್ಸಲ ಅಮುಕಿ ಹೋದ್ರೆ ಮತ್ತೆ ಉಬ್ಬಲ್ಲ. ಹೊರಗಡೆ ನೋಡಿದ್ರೆ ಏನೂ ಗೊತ್ತಾಗಲ್ಲ... ಲೂಸಿದ್ರೆ ಹತ್ತಿನೂ ತುಂಬಬಾರದು ಸರ್, ಸೈಜೇ ಬೇರೆ ತಗೋಬೇಕು."

ನಂದೀಶ ಹೊರಗೆ ಬಂದು ಆಟೋದಲ್ಲಿ ಕೂತು ಮಗು ಥರ ಅತ್ತ. ಇದನ್ನ ಅಮ್ಮನಿಗೆ ಹೇಳೋದುಂಟಾ? ಹೇಳಿದ್ರೆ ಆ ಜೀವ ಉಳಿಯುತ್ತಾ?

ಹೇಳಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಮನೆಗೆ ಬಂದ.

"ಏನಂದ್ರು?"

"ಯೋಗಿ ಅವತ್ತು ಬೆಲ್ಟ್ ಹಾಕಿರಲಿಲ್ಲವಂತೆ ಅಮ್ಮ. ಅದಕ್ಕೇ..."

ಪುಟ್ಟತಾಯಮ್ಮ ಮಗನ ಮುಖವನ್ನೇ ನೋಡಿದರು.

"ಬೆಲ್ಟ್ ಹಾಕಿದ್ದು ನಾನು ಕಣೋ. ಟಕ್ ಅಂದಿದ್ದು ಇನ್ನೂ ಕಿವೀಲಿದೆ. ಸತ್ತ ಮಗೂ ಮೇಲೆ ತಪ್ಪು ಹೊರಿಸಬೇಡ."

ನಂದೀಶ ತಲೆ ತಗ್ಗಿಸಿದ.

"ಆ ಗುಂಡಿ... ಅಲ್ವಾ?"

ಅವನು ತಟ್ಟನೆ ತಲೆ ಎತ್ತಿದ.

"ತೊಳೆಯೋವಾಗ ಬೆರಳಿಗೆ ಸಿಕ್ಕಿತ್ತು. ನಿನ್ನ ತಲೆ ಒತ್ತಿ ಒತ್ತಿ ಆಗಿರೋದು ಅಂದ್ಕೊಂಡೆ. ನನ್ನ ಕೂಸಿಗೆ ಚುಚ್ಚದೇ ಇರಲಿ ಅಂತ ಮೆತ್ತಗೆ ಮಾಡ್ದೆ ಕಣೋ... ಮೆತ್ತಗೆ ಮಾಡ್ದೆ..."

ತಾಯಿ ಮಗ ತಬ್ಬಿಕೊಂಡು ಅತ್ತಿದ್ದು ಪಕ್ಕದ ಮನೆಗೂ ಕೇಳಿಸಿತು.

ಆಮೇಲೆ ಪುಟ್ಟತಾಯಮ್ಮ ಎದ್ದು, ಹೂವಿನ ದಾರ ಕತ್ತರಿಸೋ ಕತ್ತರಿ ತಂದು, ಹೆಲ್ಮೆಟ್ಟಿನ ಎರಡೂ ಬೆಲ್ಟ್ ಕತ್ತರಿಸಿ ಹಾಕಿದರು. "ಇನ್ಯಾರೂ ಇದನ್ನ ಹಾಕ್ಕೋಬಾರದು."

ಈಗ ಅಂಗಡಿ ಮತ್ತೆ ತೆರೆದಿದೆ. ಆದ್ರೆ ಹಾರ ಕೊಡೋ ಮುಂಚೆ ಆ ತಾಯಿ ಗಾಡಿ ನೋಡಲ್ಲ, ಹೆಲ್ಮೆಟ್ ಇಸ್ಕೊಂಡು ಒಳಗೆಲ್ಲ ಬೆರಳಾಡಿಸ್ತಾರೆ.

ಮೊನ್ನೆ ಹೊಸ ಬೈಕ್ ತಂದಿದ್ದ ಒಬ್ಬ ಯುವಕ ನಕ್ಕ. "ಹಳೇ ಹೆಲ್ಮೆಟ್ಟೇ ಅಜ್ಜಿ. ಒಂದ್ಸಲ ಬಿದ್ದಿದ್ದೆ, ಅದಕ್ಕೇನೂ ಆಗಿಲ್ಲ. ನನ್ನ ಲಕ್ಕು ಇದು!"

ಪುಟ್ಟತಾಯಮ್ಮ ಹಾರವನ್ನ ವಾಪಸ್ ಬುಟ್ಟಿಗೆ ಹಾಕಿದರು. "ಹೊಸದು ಹಾಕ್ಕೊಂಡು ಬಾರಪ್ಪ. ಹಾರ ಎಲ್ಲಿಗೂ ಹೋಗಲ್ಲ."

ಅವರ ಮುಖ ನೋಡಿ ಅವನಿಗೆ ಏನನ್ನಿಸಿತೋ... ಹೋಗಿ ಹೊಸದು ಹಾಕ್ಕೊಂಡೇ ಬಂದ.

ಪುಟ್ಟತಾಯಮ್ಮ ಅವನ ತಲೆ ಮೇಲಿದ್ದ ಹೆಲ್ಮೆಟ್ಟನ್ನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಕದಲಲಿಲ್ಲ. ಬೆಲ್ಟನ್ನ ತಾವೇ ಹಾಕಿದರು.

ಟಕ್.

"ಆಯ್ತಾ ಅಜ್ಜಿ, ಹೋಗ್ಲಾ?" ಅಂದ ಅವನು.

ಆ ಕೈ ಮಾತ್ರ ಅವನ ಗದ್ದ ಬಿಟ್ಟು ಬರಲೇ ಇಲ್ಲ... ಅಂಗಡಿ ಪಕ್ಕ ಆಟೋದಲ್ಲಿ ಕೂತಿದ್ದ ನಂದೀಶ ಮುಖ ಬೇರೆ ಕಡೆ ತಿರುಗಿಸಿಕೊಂಡ.

*ಜೀವ ಉಳಿಸಿದ ಹೆಲ್ಮೆಟ್ಟಿಗೆ ಕೈ ಮುಗಿಯಿರಿ... ಆದರೆ ಮತ್ತೆ ಯಾರ ತಲೆಗೂ ಅದನ್ನ ಹಾಕಬೇಡಿ.*

ನಿಮ್ಮ ಮನೆಯವರ ಹೆಲ್ಮೆಟ್ ಒಳಗೆ ಒಂದ್ಸಲವಾದ್ರೂ ಬೆರಳಾಡಿಸಿ ನೋಡಿದ್ದೀರಾ?