ಈಜುಕೊಳದ ಸ್ಟಾಪು

ತನಗೆ ಯಾವ ಕೆಲಸವೂ ಇಲ್ಲದ ಸ್ಟಾಪಿನಲ್ಲಿ ಅವಳು ಬೇಕೆಂದೇ ಬಸ್ಸಿನಿಂದ ಇಳಿದಳು. "ಮೇಡಂ, ನಿಮ್ಮ ಸ್ಟಾಪು ಇನ್ನೂ ಮುಂದಿದೆ, ಇದು ಈಜುಕೊಳ" ಎಂದು ಕಂಡಕ್ಟರ್ ಹಿಂದಿನಿಂದ ಕೂಗಿದ. ದಿನಾ ಅದೇ ಬಸ್ಸು ಹತ್ತುವವಳ ಸ್ಟಾಪು ಅವನಿಗೆ ಗೊತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೂ, ಇವನಿಗೂ ಅಣ್ಣನಿಗೂ ಪರಿಚಯ ಇದ್ದರೆ ಎಂಬ ಹುಳ ಅವಳ ತಲೆಯನ್ನು ಹೊಕ್ಕಿತು. ಗೊತ್ತು ಎಂದಷ್ಟೇ ಹೇಳಿ ಕೋಲನ್ನು ಮುಂದೆ ಚಾಚಿದಳು. ಎದೆಯ ಮಟ್ಟಕ್ಕೆ ಏನೋ ಅಡ್ಡ ಇದೆಯೆಂದು ಕೋಲಿನ ಹಿಡಿ ಅದುರಿತು. ಬಗ್ಗಿ, ಮರದ ಕೊಂಬೆಯನ್ನು ತಪ್ಪಿಸಿಕೊಂಡಳು. ಇಯರ್‌ಫೋನಿನೊಳಗಿನ ಹೆಂಗಸು ಎಂದಿನ ನಯವಾದ ದನಿಯಲ್ಲಿ, ನೀವು ದಾರಿ ತಪ್ಪಿದ್ದೀರಿ ಎಂದಳು. ಈ ಮಾತು ಮನೆಯವರ ಕಿವಿಗೆ ಬಿದ್ದರೆ ಮುಗಿಯಿತು ಎಂದುಕೊಂಡಳು.

ಹುಟ್ಟಿನಿಂದಲೂ ಕಣ್ಣು ಕಾಣದ ಅವಳು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಇದ್ದದ್ದು ಅಣ್ಣ ಅತ್ತಿಗೆಯ ಮನೆಯಲ್ಲಿ. ಕಳೆದ ವಾರ, ಜೊತೆಗೆ ಕೆಲಸ ಮಾಡುವ ನರ್ಸಿನೊಡನೆ ಹೋಗಿ ಇಬ್ಬರೂ ಸೇರಿ ಬಾಡಿಗೆಗೆ ಹಿಡಿಯಬಹುದಾದ ಮನೆಯೊಂದನ್ನು ಸದ್ದಿಲ್ಲದೆ ನೋಡಿ ಬಂದಿದ್ದಳು. ಎಲ್ಲ ಗಟ್ಟಿಯಾದ ಮೇಲೆ ತಾನೇ ಬಾಯಿಬಿಟ್ಟರಾಯಿತು ಎಂದಿದ್ದಳು. ಆದರೆ ನಿನ್ನೆ ಊಟದ ಹೊತ್ತಿಗೆ ಅಣ್ಣ, ಗೋಡೆಗೆ ಹೇಳುವವನ ಹಾಗೆ, ಅಚ್ಚುಕೂಟದ ಬೀದಿಯಲ್ಲಿ ಫುಟ್‌ಪಾತೆಲ್ಲ ಅಗೆದುಹಾಕಿದ್ದಾರಂತೆ, ಕಣ್ಣಿದ್ದವರೇ ಬೀಳುತ್ತಿದ್ದಾರಂತೆ ಎಂದ. ಆ ಬಾಡಿಗೆ ಮನೆ ಇದ್ದದ್ದು ಅದೇ ಬೀದಿಯಲ್ಲಿ.

ಮಲಗಿದರೆ ನಿದ್ದೆ ಹತ್ತಲಿಲ್ಲ. ನರ್ಸು ಯಾರ ಹತ್ತಿರವಾದರೂ ಆಡಿಬಿಟ್ಟಳೇ? ಕೋಣೆ ಗುಡಿಸುವ ನೆಪದಲ್ಲಿ ಅತ್ತಿಗೆ ಬ್ಯಾಗು ತಡಕುತ್ತಾಳೆಯೇ? ಬಾಗಿಲ ಬಳಿ ನಿಂತು ಫೋನಿನ ಮಾತು ಕೇಳಿಸಿಕೊಳ್ಳುತ್ತಾಳೆಯೇ? ಯಾವ ದಿಕ್ಕಿನಿಂದ ಯೋಚಿಸಿದರೂ ಅನುಮಾನ ಅತ್ತಿಗೆಯ ಮೇಲೇ ಬಂದು ಕೂರುತ್ತಿತ್ತು. ಬೆಳಗ್ಗೆ ಹೊರಡುವಾಗ ಕೋಲನ್ನು ಕೈಗೆತ್ತಿಕೊಂಡ ಮೇಲಷ್ಟೇ ಅವಳಿಗೆ ಹೊಳೆದದ್ದು: ಈ ಕೋಲನ್ನು ಫೋನಿಗೆ ಜೋಡಿಸಿ, ದಾರಿ ಹೇಳುವ ಆ್ಯಪನ್ನು ಹಾಕಿಕೊಟ್ಟವನು ಅಣ್ಣ. ತಾನು ಹೋದಲ್ಲೆಲ್ಲ ತಪ್ಪದೆ ಜೊತೆಗೆ ಬರುವವು ಇವೆರಡೇ.

ಅದಕ್ಕೇ ಈಗ, ಸಂಜೆ ಆಸ್ಪತ್ರೆಯಿಂದ ಮರಳುವಾಗ, ಈಜುಕೊಳ. ಅವಳಿಗೆ ನೀರೆಂದರೆ ಮೊದಲಿನಿಂದಲೂ ಆಗದು. ಇಲ್ಲಿಗೆ ಬರುತ್ತಾಳೆಂದು ಯಾರೂ ಕನಸಿನಲ್ಲಿಯೂ ಎಣಿಸಲಾರರು; ಆದರೂ ಮನೆಯಲ್ಲಿ ಇದರ ಮಾತು ಬಂದರೆ, ಹೇಳಿದ್ದು ಫೋನೇ. ಗೋಡೆಯಾಚೆ ಮಕ್ಕಳ ಕಿರುಚಾಟ, ತರಬೇತುದಾರನ ಸಿಳ್ಳೆ, ಮೂಗಿಗೆ ಅಡರುವ ಕ್ಲೋರಿನ್ ವಾಸನೆ. ಕಲ್ಲುಬೆಂಚಿನ ಮೇಲೆ ಕೂತವಳಿಗೆ, ಏನೂ ಕದಿಯದೆಯೇ ಕಳ್ಳಿಯಾದ ಹಾಗೆ ಅನ್ನಿಸಿತು. ಮುಂದಿನ ಬಸ್ಸಿನ ನಂಬರನ್ನು ಫೋನು ಹೇಳಿದ್ದೇ ತಡ, ಎದ್ದು ಹತ್ತಿ ಮನೆಗೆ ಹೋದಳು. ಯಾರಿಗೂ ಒಂದಕ್ಷರ ಹೇಳಲಿಲ್ಲ.

ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ ಎಂದಿನ ಹಾಗೆ ತಡವಾಗಿಯೇ ಬಂದ. ಊಟಕ್ಕೆ ಕೂತು ಆಫೀಸಿನ ಸುದ್ದಿಯನ್ನೆಲ್ಲ ಹೇಳಿದ. ತನ್ನದೇ ತಪ್ಪು ಎಣಿಕೆಯೇನೋ ಎಂದು ಅವಳು ಉಸಿರು ಬಿಡುವಷ್ಟರಲ್ಲಿ, ನೀರು ಕುಡಿದು ಲೋಟ ಕೆಳಗಿಡುತ್ತಾ, ಈಜುಕೊಳದ ನೀರಿಗೆ ಹಾಕುವ ಔಷಧಿ ಚರ್ಮಕ್ಕೆ ಒಳ್ಳೆಯದಲ್ಲವಂತೆ, ಯಾರೋ ಹೇಳುತ್ತಿದ್ದರು ಎಂದ.

"ಈಜುಕೊಳದ ಮಾತು ಈಗ ಯಾಕ್ರೀ ಬಂತು?" ಎಂದಳು ಅತ್ತಿಗೆ.

ಆ ದನಿಯಲ್ಲಿ ನಟನೆಯಿರಲಿಲ್ಲ. ಒಂದು ಇಡೀ ರಾತ್ರಿ ಅತ್ತಿಗೆಯನ್ನು ಕಳ್ಳಿ ಮಾಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕಂಡಕ್ಟರಿಗೆ ತಾನು ಇಳಿದದ್ದು ಗೊತ್ತಿದ್ದರೂ ಅಚ್ಚುಕೂಟದ ಬೀದಿಯ ವಿಷಯ ಗೊತ್ತಿರಲಾರದು. ಫೋನನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅಣ್ಣ, ನಾನು ಇವತ್ತು ಅಲ್ಲಿ ಇಳಿದಿದ್ದು ನಿಂಗೆ ಇದರಿಂದ ಬಿಟ್ರೆ ಇನ್ಯಾರಿಂದಲೂ ಗೊತ್ತಾಗಲ್ಲ."

ಅಣ್ಣ ಮೊದಲು ಇಲ್ಲ ಎಂದ, ಆಮೇಲೆ ಹೌದು ಎಂದ, ಆಮೇಲೆ ದನಿ ಏರಿಸಿದ. ಆ್ಯಪು ಹಾಕಿದ ದಿನದಿಂದಲೂ ಅವಳು ಎಲ್ಲೆಲ್ಲಿ ಹೋದರೂ ತನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಂಡಿದ್ದ. ಬಸ್ಸಿನವರು ಎಲ್ಲೆಲ್ಲೋ ಇಳಿಸಿಬಿಟ್ಟರೆ ಏನು ಗತಿ, ಕೋಲು ಕೈಕೊಟ್ಟರೆ ಯಾರು ದಿಕ್ಕು, ಆಫೀಸಿನಲ್ಲಿ ಕೂತರೂ ತನ್ನ ಜೀವಕ್ಕೆ ನೆಮ್ಮದಿ ಇರುವುದಿಲ್ಲ ಎಂದ. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಚಿಕ್ಕವಳಿದ್ದಾಗ ಕೈಹಿಡಿದು ರಸ್ತೆ ದಾಟಿಸಿದವನು ಅವನೇ. ಒಂದು ಮಾತು ಕೇಳಬಹುದಿತ್ತಲ್ಲ ಎಂದಳು. ಕೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ ಎಂದ. ಈಗಲಾದರೂ ಅದನ್ನು ತೆಗೆದುಹಾಕು ಎಂದರೆ, ಸುತರಾಂ ಸಾಧ್ಯವಿಲ್ಲ ಎಂದು ಪಟ್ಟು ಹಿಡಿದ.

"ಮುಚ್ಚಿಡೋ ಅಂಥದ್ದು ಏನೂ ಇಲ್ಲ ಅಂದ್ಮೇಲೆ, ಮನೆಯವರು ನೋಡಿದ್ರೆ ನಿಂಗೇನು ಕಷ್ಟ?"

ಅವಳು ಮುಂದೆ ಹೇಳಿದ್ದು ಕೋಪದಿಂದಲ್ಲ, ಅಣ್ಣನಿಗೂ ತನಗೂ ಸರಿಹೋಗುವ ದಾರಿ ಇದೊಂದೇ ಎಂದು ನಿಜಕ್ಕೂ ಅನ್ನಿಸಿತ್ತು.

"ಹಾಗಾದ್ರೆ ಇರಲಿ ಬಿಡು. ನೀನೂ ಬಸ್ಸಲ್ಲೇ ಓಡಾಡ್ತೀಯ, ದಿನಾ ತಡ ಮಾಡಿ ಬರ್ತೀಯ. ನಿನ್ನದೂ ನನ್ನ ಫೋನಿಗೆ ಬರೋ ಹಾಗೆ ಮಾಡಿಕೊಡು. ನನ್ನ ಜೀವಕ್ಕೂ ನೆಮ್ಮದಿ ಆಗುತ್ತೆ."

ಅಣ್ಣ ನಕ್ಕ. ಆ ನಗುವಿನಲ್ಲಿ ಜೀವವಿರಲಿಲ್ಲ. ತನ್ನ ಫೋನು ಹಳೆಯದು, ಬ್ಯಾಟರಿ ನಿಲ್ಲುವುದಿಲ್ಲ ಎಂದ. ಮೇಜಿನ ಮೇಲಿದ್ದ ಅವಳ ಫೋನು ಸರಿದ ಸದ್ದಾಯಿತು. "ಆಯ್ತಮ್ಮ, ನಿನ್ನ ಇಷ್ಟ. ನಿನ್ನದು ತೆಗೆದುಬಿಟ್ಟೆ, ಇನ್ನು ನಂಗೇನೂ ಕಾಣಲ್ಲ. ಸಮಾಧಾನ ಆಯ್ತಾ?" ಎಂದು ಫೋನನ್ನು ಅವಳ ಕೈಗಿಟ್ಟು ಎದ್ದ.

ಬೇಕಾದದ್ದು ಅವಳ ಕೈಗೆ ಬಂದಿತ್ತು. ಆದರೂ ಅವಳು ಅದನ್ನು ಜೇಬಿಗೆ ಸೇರಿಸಲಿಲ್ಲ. ಅತ್ತಿಗೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಸದ್ದು ಅರ್ಧಕ್ಕೇ ನಿಂತಿತ್ತು.

"ಕೂತ್ಕೊಳ್ಳಿ" ಎಂದಳು ಅತ್ತಿಗೆ, ಗಂಡನಿಗೆ. ಆಮೇಲೆ, ಇನ್ನೂ ಮೆಲ್ಲಗೆ, "ನಿಮ್ಮದು ನನ್ನ ಫೋನಿಗೆ ಬರೋ ಹಾಗೆ ಮಾಡಿಕೊಡಿ" ಎಂದಳು.